ಮೊಡವೆ ಮುಖಕ್ಕೆ ಮೇಕೆ ಹಾಲು: ಸೋಪು ಮಾಡುವ ಕೈಯ ಅನುಭವ

ಮೇಕೆ ಹಾಲಿನ ಸೋಪಿನಿಂದ ಮೊಡವೆ ವಾಸಿಯಾಗುವುದಿಲ್ಲ. ಈ ಸೋಪನ್ನು ಮಾಡುವವಳಾಗಿ ಇದನ್ನು ಮೊದಲೇ ಹೇಳಿಬಿಡಬೇಕು. ಮೊಡವೆ ಹುಟ್ಟುವುದು ಚರ್ಮದ ಒಳಗೆ. ಕೂದಲ ಬುಡದ ರಂಧ್ರದಲ್ಲಿ ಸತ್ತ ಕೋಶಗಳೂ ಜಿಡ್ಡೂ ಸೇರಿ ಬಿರಡೆಯಂತೆ ಕೂರುತ್ತವೆ, ಅದರ ಹಿಂದೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸುತ್ತಲೂ ಉರಿಯೂತ ಏಳುತ್ತದೆ. ಅರ್ಧ ನಿಮಿಷ ಮುಖದ ಮೇಲಿದ್ದು ತೊಳೆದುಹೋಗುವ ನೊರೆ ಅಷ್ಟು ಆಳಕ್ಕೆ ಇಳಿಯದು.

ಹಾಗಾದರೆ ಇದರ ಉಪಯೋಗ ಎಲ್ಲಿ? ಮೊಡವೆ ಇರುವವರಲ್ಲಿ ಬಹಳ ಮಂದಿ ಜಿಡ್ಡಿಗೆ ಹೆದರಿ, ಕಟುವಾದ ಸೋಪು ಹಚ್ಚಿ ದಿನಕ್ಕೆ ನಾಲ್ಕೈದು ಸಲ ಮುಖ ಉಜ್ಜುತ್ತಾರೆ. ತೊಳೆದ ಕೂಡಲೇ ಮುಖ ಬಿಗಿಯುತ್ತದೆ, ಮೂಗಿನ ಪಕ್ಕ ಸಿಪ್ಪೆ ಏಳುತ್ತದೆ, ಹಚ್ಚಿದ ಔಷಧಿ ಉರಿಯುತ್ತದೆ, ಕೊನೆಗೆ ಔಷಧಿಯನ್ನೇ ಬಿಡುತ್ತಾರೆ. ಅಂಥವರಿಗೆ ಚರ್ಮವನ್ನು ಇನ್ನಷ್ಟು ಕೆಡಿಸದೆ ತೊಳೆಯುವ ಸೋಪು ಬೇಕು. ಸರಿಯಾಗಿ ಮಾಡಿದ ಮೇಕೆ ಹಾಲಿನ ಸೋಪು ಆ ಮಟ್ಟಿಗೆ ಕೆಲಸಕ್ಕೆ ಬರುತ್ತದೆ. ಆದರೆ ಆ ಮೃದುತ್ವದ ಹೆಚ್ಚಿನ ಪಾಲು ಬರುವುದು ಹಾಲಿನಿಂದಲ್ಲ.

ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. 500 ಗ್ರಾಂ ಎಣ್ಣೆಯ ಒಂದು ಪಾಕಕ್ಕೆ ನಾನು ಹಾಕುವುದು 150 ಗ್ರಾಂ ಹಾಲು. ಅದರಲ್ಲಿ ಕೊಬ್ಬು ಸುಮಾರು 6 ಗ್ರಾಂ, ಪ್ರೋಟೀನ್ 5 ಗ್ರಾಂ, ಲ್ಯಾಕ್ಟೋಸ್ ಆರೇಳು ಗ್ರಾಂ. ಉಳಿದದ್ದೆಲ್ಲ ಹೆಚ್ಚುಕಡಿಮೆ ನೀರು. ಮೇಕೆ ಹಾಲಿನ ವಿಶೇಷವೆಂದು ಹೊಗಳುವ ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಕೊಬ್ಬಿನಾಮ್ಲಗಳು ಆ 6 ಗ್ರಾಂ ಕೊಬ್ಬಿನಲ್ಲಿ ಒಂದು ಗ್ರಾಂ ಇದ್ದರೆ ಹೆಚ್ಚು. ಅದೂ ಆರು ಬಿಲ್ಲೆಗಳಿಗೆ ಹಂಚಿಹೋಗುತ್ತದೆ. ಇದೇ ಪಾಕದಲ್ಲಿ ಎಣ್ಣೆ ಸೋಪಾಗುವಾಗ ಹುಟ್ಟುವ, ತೇವ ಹಿಡಿದಿಡುವ ಗ್ಲಿಸರಿನ್ 50 ಗ್ರಾಂ ದಾಟುತ್ತದೆ, ಮನೆಯಲ್ಲಿ ಮಾಡಿದ ಸೋಪಿನಲ್ಲಿ ಅದು ಪೂರ್ತಿ ಉಳಿಯುತ್ತದೆ. ತೊಳೆದ ಮೇಲೆ ಚರ್ಮ ಬಿಗಿಯದಿರಲು ಈ ಗ್ಲಿಸರಿನ್, ತೆಂಗಿನೆಣ್ಣೆಯ ಮಿತವಾದ ಪ್ರಮಾಣ, ಸೋಪಾಗದೆ ಉಳಿದ ಸ್ವಲ್ಪ ಎಣ್ಣೆ ಕಾರಣ. ಹಾಲು ನೊರೆಗೆ ಒಂದು ಕೆನೆತನ ಕೊಡುತ್ತದೆ.

ಇನ್ನೆರಡು ಮಾತು ಎಲ್ಲೆಲ್ಲೂ ಕೇಳಿಬರುತ್ತವೆ, ಎರಡೂ ತಪ್ಪು. ಮೇಕೆ ಹಾಲಿನ ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ) ಚರ್ಮದ ಪಿಎಚ್‌ನಷ್ಟೇ ಇರುತ್ತದೆ ಎಂಬುದು ಒಂದು. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಹಾಲಿನದು 6.5ರ ಆಸುಪಾಸು. ಎಣ್ಣೆಯನ್ನು ಸೋಪಾಗಿಸುವ ತೀವ್ರ ಕ್ಷಾರವಾದ ಕಾಸ್ಟಿಕ್ ಸೋಡಾದಿಂದ ಮಾಡಿದ ಸೋಪು ಯಾವ ಹಾಲು ಹಾಕಿದರೂ 9ರಿಂದ 10ರ ಕ್ಷಾರವೇ. ಅದನ್ನು 5ಕ್ಕೆ ಇಳಿಸಿದರೆ ಸೋಪು ಒಡೆದು ಮತ್ತೆ ಕೊಬ್ಬಿನಾಮ್ಲವಾಗುತ್ತದೆ. ಇನ್ನೊಂದು, ಇದರ ಲ್ಯಾಕ್ಟಿಕ್ ಆಮ್ಲ ಸತ್ತ ಚರ್ಮವನ್ನು ಕಳಚುತ್ತದೆ ಎಂಬ ಮಾತು. ತಾಜಾ ಹಾಲಿನಲ್ಲಿರುವುದು ಲ್ಯಾಕ್ಟೋಸ್ ಎಂಬ ಸಕ್ಕರೆ. ಇರುವ ಅಲ್ಪಸ್ವಲ್ಪ ಆಮ್ಲವೂ ಕಾಸ್ಟಿಕ್ ತಗುಲಿದ ಕೂಡಲೇ ಸೋಡಿಯಂ ಲ್ಯಾಕ್ಟೇಟ್ ಆಗುತ್ತದೆ. ಅದು ಬಿಲ್ಲೆಯನ್ನು ಗಟ್ಟಿ ಮಾಡೀತು, ಚರ್ಮ ಕಳಚುವುದಿಲ್ಲ.

ಮುಖಕ್ಕೆಂದು ನಾನು ಬಳಸುವ ಅಳತೆ ಹೀಗಿದೆ. ಆಲಿವ್ ಎಣ್ಣೆ 300 ಗ್ರಾಂ, ತೆಂಗಿನೆಣ್ಣೆ 100 ಗ್ರಾಂ, ಹರಳೆಣ್ಣೆ 50 ಗ್ರಾಂ, ಶಿಯಾ ಬೆಣ್ಣೆ (ಆಫ್ರಿಕಾದ ಶಿಯಾ ಮರದ ಬೀಜದ ಗಟ್ಟಿ ಕೊಬ್ಬು) 50 ಗ್ರಾಂ, ಕಾಸ್ಟಿಕ್ ಸೋಡಾ 68 ಗ್ರಾಂ, ಫ್ರೀಜರಿನಲ್ಲಿಟ್ಟು ಮಂಜುಗಡ್ಡೆಯಂತೆ ಗಟ್ಟಿ ಮಾಡಿದ ಮೇಕೆ ಹಾಲು 150 ಗ್ರಾಂ. ಈ ಎಣ್ಣೆಗಳೆಲ್ಲ ಪೂರ್ತಿ ಸೋಪಾಗಲು 71.6 ಗ್ರಾಂ ಕಾಸ್ಟಿಕ್ ಬೇಕು. ಅದರಲ್ಲಿ 5 ಪ್ರತಿಶತ ಕಡಿಮೆ ಮಾಡಿದರೆ 68, ಹಾಲಿನ ಕೊಬ್ಬನ್ನೂ ಸೇರಿಸಿದರೆ ಉಳಿಯುವ ಎಣ್ಣೆ 6 ಪ್ರತಿಶತದ ಹತ್ತಿರ. ಮೈಗೆ ಹಚ್ಚುವ ಸೋಪಿಗೆ 8 ಪ್ರತಿಶತ ಬಿಡುವವರಿದ್ದಾರೆ, ಮೊಡವೆ ಮುಖಕ್ಕೆ ನಾನು ಅಷ್ಟು ಬಿಡುವುದಿಲ್ಲ. ತೆಂಗಿನೆಣ್ಣೆ 20 ಪ್ರತಿಶತ ದಾಟಿದರೆ ನೊರೆ ಹೆಚ್ಚುತ್ತದೆ, ಜೊತೆಗೆ ಮುಖವೂ ಒಣಗುತ್ತದೆ. ಸುಗಂಧ ತೈಲ ಯಾವುದನ್ನೂ ಹಾಕಬೇಡಿ, ಟೀ ಟ್ರೀ ಎಣ್ಣೆಯನ್ನೂ ಸಹ. ಕೆರಳಿದ ಚರ್ಮಕ್ಕೆ ಅಲರ್ಜಿ ಹತ್ತಿಸಲು ಅವು ಸಾಕು. ಎಲ್ಲವನ್ನೂ ತೂಕದಲ್ಲೇ ಅಳೆಯಬೇಕು, ಕಾಸ್ಟಿಕ್ ಅನ್ನಂತೂ ಒಂದು ಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿಯಲ್ಲಿ.

ಕಷ್ಟದ ಘಟ್ಟ ಹಾಲಿಗೆ ಕಾಸ್ಟಿಕ್ ಸೇರಿಸುವುದು. ಕನ್ನಡಕ, ಕೈಗವಸು ಹಾಕಿಕೊಂಡೇ ಶುರು ಮಾಡಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡ: ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲ್ ಪಾತ್ರೆಯನ್ನು ಮಂಜುಗಡ್ಡೆ ತುಂಬಿದ ತಟ್ಟೆಯಲ್ಲಿಟ್ಟು, ಹಾಲಿನ ಗಡ್ಡೆಗಳನ್ನು ಹಾಕಿ, ಮೇಲಿನಿಂದ ಒಂದೊಂದೇ ಚಮಚ ಕಾಸ್ಟಿಕ್ ಉದುರಿಸುತ್ತಾ ಕದಡುತ್ತೇನೆ. ಕಾಸ್ಟಿಕ್‌ನ ಮೇಲೆ ಹಾಲು ಸುರಿಯುವುದು ಅಪಾಯ, ಉಕ್ಕಿ ಮುಖಕ್ಕೆ ಚಿಮ್ಮುತ್ತದೆ. ಒಂದು ಚಮಚ ಪೂರ್ತಿ ಕರಗಿದ ಮೇಲೆಯೇ ಇನ್ನೊಂದು. ಇಷ್ಟಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಆತುರ ಮಾಡಿದರೆ ಪಾಕ ಕೆಡುತ್ತದೆ. ಬಣ್ಣವೇ ಎಲ್ಲವನ್ನೂ ಹೇಳುತ್ತದೆ. ಬಿಳಿ ಹೋಗಿ ತಿಳಿ ಬೆಣ್ಣೆಯ ಹಳದಿ ಬಂದರೆ ಸರಿ. ಗಾಢ ಹಳದಿಯಾದರೆ ಕೈ ನಿಲ್ಲಿಸಿ, ಪಾತ್ರೆಯ ಸುತ್ತ ಮಂಜುಗಡ್ಡೆ ಹೆಚ್ಚಿಸಬೇಕು. ಕಿತ್ತಳೆ ಬಣ್ಣ ಬಂದು ಅಮೋನಿಯಾ ಮೂಗಿಗೆ ಹೊಡೆದರೆ ಲ್ಯಾಕ್ಟೋಸೂ ಪ್ರೋಟೀನೂ ಸುಟ್ಟಿವೆ ಎಂದರ್ಥ. ಆ ಸೋಪು ಬಳಕೆಗೆ ಬರುತ್ತದೆ, ಆದರೆ ಕಂದು ಬಣ್ಣಕ್ಕೆ ತಿರುಗುತ್ತದೆ, ವಾಸನೆ ಹೋಗಲು ವಾರಗಳೇ ಬೇಕು. ಕೊನೆಕೊನೆಗೆ ದ್ರಾವಣದಲ್ಲಿ ಬಿಳಿ ಎಳೆಗಳು ಕಾಣಿಸಿಕೊಳ್ಳುತ್ತವೆ. ಹಾಲು ಒಡೆಯಿತೆಂದು ಎಸೆಯಬೇಡಿ, ಹಾಲಿನ ಕೊಬ್ಬು ಅಲ್ಲೇ ಸೋಪಾಗುತ್ತಿರುತ್ತದೆ. ಕರಗದ ಕಾಸ್ಟಿಕ್ ಹರಳೂ ಅವುಗಳೊಳಗೆ ಅಡಗಿರಬಹುದಾದ್ದರಿಂದ ದ್ರಾವಣವನ್ನು ಸ್ಟೀಲ್ ಜರಡಿಯಲ್ಲಿ ಸೋಸಿಯೇ ಎಣ್ಣೆಗೆ ಹಾಕಬೇಕು. ಜರಡಿಯಲ್ಲಿ ನಿಂತ ಎಳೆಗಳನ್ನು ಚಮಚದಿಂದ ಒತ್ತಿ ಇಳಿಸಿ.

ಎಣ್ಣೆ 35 ಡಿಗ್ರಿಯ ಆಸುಪಾಸು ಇರಲಿ. ಅದಕ್ಕಿಂತ ತಣ್ಣಗಾದರೆ ಶಿಯಾ ಬೆಣ್ಣೆ ಗಟ್ಟಿಯಾಗಿ, ಪಾಕ ಹದಕ್ಕೆ ಬಂದಂತೆ ಸುಳ್ಳು ತೋರಿಕೆ ಕೊಡುತ್ತದೆ, ಆಮೇಲೆ ಅಚ್ಚಿನಲ್ಲಿ ಎಣ್ಣೆ ಬೇರೆಯಾಗಿ ನಿಲ್ಲುತ್ತದೆ. ಹ್ಯಾಂಡ್ ಬ್ಲೆಂಡರನ್ನು ಕೆಲವು ಸೆಕೆಂಡು ಓಡಿಸಿ, ನಿಲ್ಲಿಸಿ, ಕೈಯಲ್ಲಿ ಕದಡಿ, ಮತ್ತೆ ಓಡಿಸಬೇಕು. ಗಟ್ಟಿ ಮಜ್ಜಿಗೆಯ ಹದಕ್ಕೆ ಬಂದು, ಮೇಲಿನಿಂದ ಬಿಟ್ಟ ಧಾರೆಯ ಗೆರೆ ಕ್ಷಣಕಾಲ ಉಳಿದರೆ ಅಚ್ಚಿಗೆ ಸುರಿಯಬಹುದು. ಬೇರೆ ಸೋಪನ್ನು ಕಂಬಳಿ ಹೊದಿಸಿ ಬೆಚ್ಚಗಿಡುತ್ತಾರೆ, ಇದನ್ನು ಒಂದು ದಿನ ಫ್ರಿಜ್ಜಿನಲ್ಲಿಡಬೇಕು. ಇಲ್ಲದಿದ್ದರೆ ಹಾಲಿನ ಸಕ್ಕರೆಯಿಂದ ಒಳಗೆ ಬಿಸಿ ಏರಿ ನಡುವೆ ಬಿರುಕು ಬಿಡುತ್ತದೆ, ಕೆಲವೊಮ್ಮೆ ಉಕ್ಕಿಯೂ ಬಿಡುತ್ತದೆ. ಬಿಲ್ಲೆ ಕತ್ತರಿಸಿದ ಮೇಲೆ ಗಾಳಿಯಾಡುವ ಕಡೆ ಕನಿಷ್ಠ 6 ವಾರ ಒಣಗಬೇಕು. ಆಲಿವ್ ಎಣ್ಣೆ ಹೆಚ್ಚಿರುವ ಬಿಲ್ಲೆ ಹಸಿಯಿದ್ದಾಗ ಲೋಳೆ ಬಿಡುತ್ತದೆ, ಬೇಗ ಕರಗುತ್ತದೆ, 8 ವಾರ ಕಾದರೆ ಇನ್ನೂ ಒಳ್ಳೆಯದು. ಬಳಸುವ ಮೊದಲು 1 ಗ್ರಾಂ ಸೋಪನ್ನು 99 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಪಿಎಚ್ ಪಟ್ಟಿ ಅದ್ದುತ್ತೇನೆ. 11 ತೋರಿಸಿದರೆ ಕಾಸ್ಟಿಕ್ ಉಳಿದಿದೆ, ಆ ಪಾಕ ಮುಖಕ್ಕೆ ಬೇಡ.

ಬಳಸುವುದರಲ್ಲೂ ಹದವಿದೆ. ಬಿಲ್ಲೆಯನ್ನು ಮುಖಕ್ಕೆ ಉಜ್ಜಬಾರದು. ಅಂಗೈಯಲ್ಲಿ ನೊರೆ ಎಬ್ಬಿಸಿ ಬೆರಳ ತುದಿಯಲ್ಲಿ 20-30 ಸೆಕೆಂಡು ಸವರಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರೆ ಸಾಕು. ದಿನಕ್ಕೆ ಎರಡೇ ಸಲ. ಗಡಸು ನೀರಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಮುಖದ ಮೇಲೆ ಪದರ ಕಟ್ಟುತ್ತದೆ, ಎರಡು ಪಟ್ಟು ನೀರು ಬಳಸಿ ತೊಳೆಯಬೇಕು. ತೊಳೆದ ಹತ್ತು ನಿಮಿಷದ ಮೇಲೆ, ಏನನ್ನೂ ಹಚ್ಚದೆ, ನಕ್ಕು ನೋಡಿ. ಕೆನ್ನೆ ಎಳೆದಂತಾದರೆ ಈ ಸೋಪು ನಿಮಗೆ ಒಗ್ಗಲಿಲ್ಲ. ಅಡಾಪಲಿನ್, ಬೆಂಜೋಯಿಲ್ ಪೆರಾಕ್ಸೈಡ್ ಎಂಬ ಮೊಡವೆ ಔಷಧಿ ಹಚ್ಚುವವರಿಗೆ ನಾನೇ ಮಾಡಿದ ಸೋಪನ್ನೂ ಕೊಡುವುದಿಲ್ಲ. ಆ ಔಷಧಿಗಳು ಮೊದಲೇ ಚರ್ಮ ಒಣಗಿಸುತ್ತವೆ, ಪಿಎಚ್ 5.5ರ ಸೋಪಲ್ಲದ ಕ್ಲೆನ್ಸರ್ ಅವರಿಗೆ ಒಳ್ಳೆಯದು. ಮೊಡವೆ ಕಡಿಮೆ ಮಾಡುವುದು ಆ ಔಷಧಿಗಳೇ, ಸೋಪಿಗಾಗಿ ಅವನ್ನು ನಿಲ್ಲಿಸುವುದು ತಲೆಕೆಳಗಾದ ಕೆಲಸ.

ಹಸಿ ಹಾಲನ್ನು ಹತ್ತಿಯಲ್ಲಿ ಅದ್ದಿ ಮುಖಕ್ಕೆ ಹಚ್ಚುವುದನ್ನು ಖಂಡಿತ ಮಾಡಬೇಡಿ. ಮೇಕೆಗಳಿಂದ ಬರುವ ಬ್ರುಸೆಲ್ಲಾ ಮೆಲಿಟೆನ್ಸಿಸ್ ಎಂಬ ರೋಗಾಣು ಒಡೆದ ಚರ್ಮದ ಮೂಲಕವೂ ದೇಹ ಸೇರಬಲ್ಲದು, ಒಡೆದ ಮೊಡವೆ ಎಂದರೆ ತೆರೆದ ಗಾಯವೇ. ಕಾಯಿಸಿದ ಹಾಲಾದರೂ ಅದರ ಪ್ರೋಟೀನನ್ನು ಕೆರಳಿದ ಚರ್ಮಕ್ಕೆ ದಿನವೂ ತಾಗಿಸುತ್ತಿದ್ದರೆ ಹಾಲಿನ ಅಲರ್ಜಿ ಹುಟ್ಟಿಕೊಳ್ಳಬಹುದು.

ಇನ್ನು ಕುಡಿಯುವ ವಿಷಯ. ಅಮೆರಿಕದಲ್ಲಿ 47,355 ನರ್ಸುಗಳು ತಮ್ಮ ಹೈಸ್ಕೂಲು ದಿನಗಳ ಆಹಾರವನ್ನು ನೆನಪಿಸಿಕೊಂಡು ಕೊಟ್ಟ ಉತ್ತರಗಳ ಮೇಲೆ 2005ರಲ್ಲಿ ಬಂದ ಅಧ್ಯಯನ ಹಾಲಿಗೂ ಮೊಡವೆಗೂ ನಂಟು ಕಂಡಿತು, ಕೆನೆ ತೆಗೆದ ಹಾಲಿನಲ್ಲಿ ಆ ನಂಟು ಎದ್ದು ಕಂಡಿತು. ನಂಟು ಕಂಡಿತೆಂದರೆ ಕಾರಣ ಸಿಕ್ಕಿತು ಎಂದಲ್ಲ. ಆದರೂ ಹಾಲು ಇನ್ಸುಲಿನ್ ಏರಿಸುತ್ತದೆ, ಐಜಿಎಫ್-1 ಎಂಬ, ಬೆಳವಣಿಗೆಗೆ ಸಂಬಂಧಿಸಿದ ಹಾರ್ಮೋನನ್ನು ಹೆಚ್ಚಿಸುತ್ತದೆ, ಅವೆರಡೂ ಜಿಡ್ಡು ಗ್ರಂಥಿಯನ್ನು ಕೆರಳಿಸುತ್ತವೆ. ಹಸುವಿನ ಹಾಲು ಬಿಟ್ಟು ಮೇಕೆ ಹಾಲಿಗೆ ಬಂದರೆ ಇದು ತಪ್ಪುತ್ತದೆಯೇ? ಮೇಕೆ ಹಾಲಿನಲ್ಲಿ ಕೊಬ್ಬಿನ ಕಣ ಸಣ್ಣದು, ಕೆಲವರಿಗೆ ಸುಲಭವಾಗಿ ಜೀರ್ಣವಾಗುತ್ತದೆ, ನಿಜ. ಆದರೆ ಇನ್ಸುಲಿನ್ ಏರಿಸುವ ವೇ ಪ್ರೋಟೀನ್ (ಹಾಲು ಒಡೆದಾಗ ತಿಳಿನೀರಿನಲ್ಲಿ ಉಳಿಯುವ ಪ್ರೋಟೀನ್) ಅದರಲ್ಲೂ ಇದೆ, ಲ್ಯಾಕ್ಟೋಸ್ ಹಸುವಿನ ಹಾಲಿಗಿಂತ ತುಸುವೇ ಕಡಿಮೆ. ಮೊಡವೆಯ ಲೆಕ್ಕದಲ್ಲಿ ಅದೂ ಹಾಲೇ. ಹಸುವಿನ ಹಾಲಿನ ಅಲರ್ಜಿ ಇರುವವರಲ್ಲಿ ಬಹುತೇಕರಿಗೆ ಮೇಕೆ ಹಾಲೂ ಆಗಿಬರುವುದಿಲ್ಲ.

ಹಾಲಿನಿಂದಲೇ ಮೊಡವೆ ಎಂಬ ಗುಮಾನಿ ಇದ್ದರೆ ಹಾಲು ಬದಲಿಸಬೇಡಿ, 12 ವಾರ ಹಾಲನ್ನೇ ಬಿಟ್ಟು ನೋಡಿ. ಆ ಅವಧಿಯಲ್ಲಿ ಸೋಪು, ಕ್ರೀಮು, ಔಷಧಿ ಯಾವುದನ್ನೂ ಬದಲಿಸಬಾರದು, ಕ್ಯಾಲ್ಸಿಯಂ ಬೇರೆ ಆಹಾರದಿಂದ ಬರುವಂತೆ ನೋಡಿಕೊಳ್ಳಬೇಕು. ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ಫೋಟೋ ತೆಗೆದು, ಹೊಸದಾಗಿ ಎದ್ದ ಮೊಡವೆಗಳನ್ನು ಎಣಿಸಿ ಬರೆದಿಡಿ. ಕಲೆಗಳನ್ನು ಲೆಕ್ಕಕ್ಕೆ ಸೇರಿಸಬೇಡಿ, ಅವು ಮಾಯಲು ತಿಂಗಳುಗಳೇ ಬೇಕು. ಇಂದು ಕಾಣುವ ಮೊಡವೆ ಕೆಲವು ವಾರಗಳ ಹಿಂದೆಯೇ ಒಳಗೆ ಹುಟ್ಟಿರುವುದರಿಂದ ಮೊದಲ ತಿಂಗಳ ಎಣಿಕೆ ನೋಡಿ ತೀರ್ಮಾನಿಸುವಂತಿಲ್ಲ. ನಡುವೆ ಗಟ್ಟಿ ನೋವಿನ ಗಂಟುಗಳು ಎದ್ದರೆ, ಗುಳಿ ಬೀಳತೊಡಗಿದರೆ ಪ್ರಯೋಗ ನಿಲ್ಲಿಸಿ ಚರ್ಮರೋಗ ತಜ್ಞರನ್ನು ಕಾಣಬೇಕು, ಗುಳಿ ತಾನಾಗಿ ತುಂಬಿಕೊಳ್ಳುವುದಿಲ್ಲ. 12 ವಾರದ ಎಣಿಕೆ ಮೊದಲಿನಷ್ಟೇ ಇದ್ದರೆ ನಿಮ್ಮ ಮೊಡವೆಗೆ ಹಾಲು ಕಾರಣವಲ್ಲ, ಮತ್ತೆ ಕುಡಿಯಲು ಶುರು ಮಾಡಬಹುದು.