ಇಂಕಿನಲ್ಲಿ ಓಡುವ ಕಾಲುಗಳು

ಚಿತ್ರದುರ್ಗದಲ್ಲಿ ಪ್ರಾಣಿಗಳ ಚಿತ್ರ ಬಿಡಿಸುವವರಿಗೆ ಪ್ರಾಣಿಗಳ ಬರ ಇಲ್ಲ. ಕೋಟೆ ತುಂಬ ಕೋತಿ, ಚಂದ್ರವಳ್ಳಿ ದಾರಿಯಲ್ಲಿ ಆಡು, ಚಳ್ಳಕೆರೆಯ ಕಾವಲಿನ, ಅಂದರೆ ಹುಲ್ಲುಗಾವಲಿನ, ಕಡೆ ಹೋದರೆ ಅಮೃತಮಹಲ್ ತಳಿಯ ದನ. ಒಂದೂ ನಿಂತ ಕಡೆ ನಿಲ್ಲುವುದಿಲ್ಲ. ಅದಕ್ಕೇ ನಾನು ಪೆನ್ಸಿಲ್ ಬಿಟ್ಟು ನೇರವಾಗಿ ಪೆನ್ ಹಿಡಿದೆ. ರಬ್ಬರ್ ಇಲ್ಲ ಅಂದ ಮೇಲೆ ತಿದ್ದುವ ಯೋಚನೆಯೇ ಬರುವುದಿಲ್ಲ, ಕಣ್ಣು ಪ್ರಾಣಿಯ ಮೇಲೇ ಇರುತ್ತದೆ.

ಮೊದಲು ಸುಮ್ನೆ ನೋಡುತ್ತೇನೆ. ಹಸು ನಡೆಯುವುದಕ್ಕೆ ಒಂದು ಲೆಕ್ಕವಿದೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ನೋಡಿ, ಅದೇ ಭಂಗಿ ತಿರುಗಿ ತಿರುಗಿ ಬರುತ್ತದೆ. ಹಾಗಾಗಿ ಒಂದೇ ಹಾಳೆಯಲ್ಲಿ ನಾಲ್ಕೈದು ಚಿತ್ರ ಶುರು ಮಾಡುತ್ತೇನೆ. ಯಾವ ಭಂಗಿ ಮತ್ತೆ ಸಿಕ್ಕಿತೋ ಆ ಚಿತ್ರಕ್ಕೆ ಎರಡು ಗೆರೆ ಸೇರಿಸುತ್ತೇನೆ.

ಕುತ್ತಿಗೆಯಿಂದ ಬಾಲದವರೆಗಿನ ಬೆನ್ನು ಒಂದೇ ಎಳೆತಕ್ಕೆ ಬರಬೇಕು. ಆಮೇಲೆ ಭಾರ ಹೊತ್ತ ಕಾಲು: ಅದಕ್ಕೆ ನಿಬ್ಬು ಒತ್ತಿ ದಪ್ಪ ಗೆರೆ. ಎತ್ತಿದ ಕಾಲಿಗೆ ತೆಳು ಗೆರೆ, ಅಲ್ಲಲ್ಲಿ ತುಂಡಾದರೂ ಸರಿ. ಚಲನೆ ಕಾಣುವುದೇ ಈ ವ್ಯತ್ಯಾಸದಲ್ಲಿ. ದನದ ಮುಂಗಾಲನ್ನು ಎದೆಗೂಡಿಗೆ ಮೂಳೆಯ ಕೀಲು ಸೇರಿಸಿಲ್ಲ, ಹಿಡಿದಿರುವುದು ಬರೀ ಸ್ನಾಯು. ಭಾರ ಬಿದ್ದ ಕಡೆ ಹೆಗಲು ಚರ್ಮದಡಿ ಮೇಲೇಳುವುದು ಅದಕ್ಕೇ. ಆ ಒಂದು ಉಬ್ಬು ಬರೆದರೆ ಸಾಕು, ದನ ನಡೆಯತೊಡಗುತ್ತದೆ. ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವುದು ಹಿಮ್ಮಡಿ, ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ.

ನಾಗಾಲೋಟ ಮಾತ್ರ ಕಣ್ಣಿಗೆ ಸಿಗದು. ಹಳೆಯ ಚಿತ್ರಕಾರರು ಕುದುರೆಯ ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ತೇಲಿಸುತ್ತಿದ್ದರು. 1878ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ತೆಗೆದ ಓಡುವ ಕುದುರೆಯ ಫೋಟೋಗಳಲ್ಲಿ ನಾಲ್ಕೂ ಕಾಲು ನೆಲ ಬಿಟ್ಟಿದ್ದು ಹೊಟ್ಟೆಯಡಿ ಮಡಚಿಕೊಂಡಾಗ. ನಾನು ಮೊದಲು ನೆನಪಿನಿಂದ ಬಿಡಿಸುತ್ತೇನೆ, ಆಮೇಲೆ ಫೋನಿನ ಸ್ಲೋ ಮೋಷನ್ ನೋಡುತ್ತೇನೆ. ಈ ಕ್ರಮ ಬಿಡಬೇಡಿ.

ಫೌಂಟನ್ ಪೆನ್ನಿಗೆ ಬರೆಯುವ ಇಂಕೇ ಸಾಕು, ಒದ್ದೆ ಬೆರಳಾಡಿಸಿದರೆ ನೆರಳೂ ಬರುತ್ತದೆ. ಇಂಡಿಯನ್ ಇಂಕ್ ಅನ್ನುವ ಚಿತ್ರ ಬಿಡಿಸುವ ಕಪ್ಪು ಇಂಕಿನಲ್ಲಿ ಸಾಮಾನ್ಯವಾಗಿ ಅರಗು ಇರುತ್ತದೆ, ಒಣಗಿ ಪೆನ್ ಕಟ್ಟಿಕೊಳ್ಳುತ್ತದೆ. ಅದೇನಿದ್ದರೂ ಅದ್ದಿ ಬರೆಯುವ ನಿಬ್ಬಿಗೆ. ನಮ್ಮೂರ ಗಾಳಿ ಗೊತ್ತಲ್ವಾ, ಹಾಳೆಗೆ ಎರಡೂ ಕಡೆ ಕ್ಲಿಪ್ ಬೇಕು. ಕೋಟೆಗೆ ಹೋಗುವಾಗ ಚೀಲದಲ್ಲಿ ತಿನ್ನುವುದು ಏನೂ ಬೇಡ.

ಅಮೃತಮಹಲ್ ದನ ಬೇಗ ಬೆದರುತ್ತವೆ. ಕಾಯುವವರನ್ನು ಕೇಳಿ, ಅವರು ತೋರಿಸಿದ ಜಾಗದಲ್ಲೇ ದೂರ ಕೂರುತ್ತೇನೆ. ಹಿಂಡು ಹೊರಟರೆ ಕಾಲು ಧೂಳಿನಲ್ಲಿ ಮುಚ್ಚಿಹೋಗುತ್ತದೆ. ಆಗ ಹಿಂದಕ್ಕೆ ಬಾಗಿದ ಆ ಉದ್ದ ಕೊಂಬುಗಳಿಂದಲೇ ಶುರು. ಕೊಂಬಿನ ಓರೆ ನೋಡಿದರೆ ತಲೆ ಯಾವ ಕಡೆ ತಿರುಗುತ್ತಿದೆ ಅಂತ ತಿಳಿಯುತ್ತದೆ.