ಇಟ್ಟಂಗಿ ಚಿಮಣಿ, ಕರಿಕಲ್ಲ ಗೋಡೆ, ತುಕ್ಕು: ಪಾಳುಗಿರಣಿಯ ಕಪ್ಪು-ಬಿಳುಪು ಫೋಟೊ

ವಿಜಯಪುರ, ಬಾಗಲಕೋಟೆ ಕಡೆ ನಿಂತುಹೋದ ಹತ್ತಿ ಜಿನ್ನಿಂಗ್ (ಬೀಜ ಬಿಡಿಸುವ) ಗಿರಣಿಗಳಲ್ಲಿ ನಾನು ಮುಖ್ಯವಾಗಿ ತೆಗೆಯುವುದು ಮೂರನ್ನು: ಕೆಂಪು ಇಟ್ಟಂಗಿಯ ಚಿಮಣಿ, ಕರಿಕಲ್ಲಿನ ಗೋಡೆ, ತುಕ್ಕು ಹಿಡಿದ ಕಬ್ಬಿಣ. ಮೂರಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಫಿಲ್ಮು ಬಣ್ಣ ನೋಡುವುದಿಲ್ಲ, ಬರೀ ಬೂದಿನ ಮಟ್ಟ ನೋಡುತ್ತದೆ. ಯಾವುದು ಕಪ್ಪಾಗಬೇಕು, ಯಾವುದು ಬೆಳ್ಳಗಾಗಬೇಕು ಅನ್ನುವುದನ್ನು ಬಟನ್ ಒತ್ತುವ ಮೊದಲೇ ತೀರ್ಮಾನಿಸಬೇಕು.

ಚಿಮಣಿಯಿಂದ ಶುರು ಮಾಡೋಣ. ಲೆನ್ಸಿನ ಮುಂದೆ ಫಿಲ್ಟರ್ (ಬಣ್ಣದ ಗಾಜು) ಇಲ್ಲದಿದ್ದರೆ ಆಕಾಶ ಬಿಳುಚಿ, ಇಟ್ಟಂಗಿ ಗಾಢವಾಗಿ ಬರುತ್ತದೆ. ಕೆಂಪು ಫಿಲ್ಟರ್ (25ನೇ ನಂಬರಿನದು) ಹಾಕಿದರೆ ತದ್ವಿರುದ್ಧ: ಕಪ್ಪು ಆಕಾಶದ ಮುಂದೆ ಬೆಳ್ಳನೆಯ ಚಿಮಣಿ. ಇವೆರಡೂ ಸರಿಯೇ. ಕೆಡುವುದು ನಡುವಿನ ಹಳದಿ ಫಿಲ್ಟರಿನಲ್ಲಿ. ಆಕಾಶ ಸ್ವಲ್ಪ ಇಳಿಯುತ್ತದೆ, ಇಟ್ಟಂಗಿ ಸ್ವಲ್ಪ ಏರುತ್ತದೆ, ಎರಡೂ ಹತ್ತಿರ ಬಂದು ಚಿಮಣಿಯ ಅಂಚೇ ಸಪ್ಪೆಯಾಗುತ್ತದೆ. ‘ಹಳದಿ ಎಲ್ಲದಕ್ಕೂ ಒಳ್ಳೇದು’ ಎಂಬ ಮಾತು ಇಲ್ಲಿಗೆ ಹೊಂದುವುದಿಲ್ಲ.

ಕೆಂಪು ಫಿಲ್ಟರ್ 3 ಸ್ಟಾಪ್ ಬೆಳಕು ನುಂಗುತ್ತದೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ). 400ರ ವೇಗದ (ಐಎಸ್‌ಒ) ಫಿಲ್ಮು 50ರದ್ದಾಗುತ್ತದೆ, ಟ್ರೈಪಾಡ್ ಬೇಕೇಬೇಕು. ಕ್ಯಾಮೆರಾದೊಳಗಿನ ಬೆಳಕಿನ ಮೀಟರು ಕಡುಗೆಂಪಿನ ಮೂಲಕ ಸರಿಯಾಗಿ ಓದುವುದಿಲ್ಲ, ಹಾಗಾಗಿ ಫಿಲ್ಟರ್ ತೆಗೆದು ಅಳೆದು ಆಮೇಲೆ 3 ಸ್ಟಾಪ್ ಕೂಡಿಸುತ್ತೇನೆ. ಬುಡದಲ್ಲಿ ಬೆಳೆದ ಬಳ್ಳಾರಿ ಜಾಲಿಯ ಹಸಿರು ಈ ಫಿಲ್ಟರಿಗೆ ಕಪ್ಪು ಮುದ್ದೆಯಾಗುತ್ತದೆ. ಕಂಟಿ ಜಾಸ್ತಿ ಇದ್ದರೆ ಕಿತ್ತಳೆ ಫಿಲ್ಟರಿಗೆ (2 ಸ್ಟಾಪ್) ಇಳಿಯುವುದು ಮೇಲು. ಮೇ ತಿಂಗಳ ಧೂಳಿನ ಬಿಳಿ ಆಕಾಶವನ್ನಂತೂ ಯಾವ ಫಿಲ್ಟರೂ ಕಪ್ಪು ಮಾಡಲಾರದು. ಮಳೆ ತೊಳೆದುಹೋದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರಬೇಕು.

ಚಿಮಣಿ ಹಿಂದಕ್ಕೆ ಬಿದ್ದಂತೆ ಕಾಣಬಾರದೆಂದರೆ ಕ್ಯಾಮೆರಾ ಮಟ್ಟಸವಾಗಿರಬೇಕು, ಮೇಲಕ್ಕೆ ಎತ್ತಬಾರದು. 35 ಎಂಎಂ ಕ್ಯಾಮೆರಾ ಉದ್ದುದ್ದಕ್ಕೆ ಹಿಡಿದು 28 ಎಂಎಂ ಲೆನ್ಸಿನಲ್ಲಿ 30 ಮೀಟರ್ ಚಿಮಣಿಯ ತುದಿ ಸಿಗಬೇಕಾದರೆ ಸುಮಾರು 45 ಮೀಟರ್ ದೂರ ನಿಲ್ಲಬೇಕು. 50 ಎಂಎಂ ಆದರೆ 80 ಮೀಟರ್. ಚೌಕಟ್ಟಿನ ಕೆಳಗಿನ ಅರ್ಧ ಬರೀ ನೆಲ. ಬೇಡವಾದಷ್ಟನ್ನು ಪ್ರಿಂಟಿನಲ್ಲಿ ಕತ್ತರಿಸಿದರಾಯಿತು. ಹತ್ತಿರದ ಮಾಳಿಗೆ ಹತ್ತಿ ತೆಗೆದರೆ ನೆಲ ಕಡಿಮೆಯಾಗುತ್ತದೆ, ಮಾಳಿಗೆ ಗಟ್ಟಿ ಇದ್ದರೆ ಮಾತ್ರ.

ಕರಿಕಲ್ಲಿನ ಗೋಡೆಯಲ್ಲಿ ತಪ್ಪು ಮೀಟರಿನದು. ಎದುರಿಗಿರುವುದನ್ನೆಲ್ಲ ಅದು ನಡುಬೂದು ಎಂದೇ ತಿಳಿಯುತ್ತದೆ, ಕರಿಕಲ್ಲನ್ನು ಎತ್ತಿ ಸಿಮೆಂಟು ಗೋಡೆ ಮಾಡಿಬಿಡುತ್ತದೆ. ಕಲ್ಲಿನ ನೆರಳಿನ ಭಾಗವನ್ನು ಸ್ಪಾಟ್ ಮೀಟರಿನಲ್ಲಿ (ಚಿಕ್ಕ ಜಾಗವನ್ನಷ್ಟೇ ಅಳೆಯುವ ಮೀಟರು) ಅಳೆದು 2 ಸ್ಟಾಪ್ ಕಡಿಮೆ ಕೊಡಿ: ಕಪ್ಪು ಕಪ್ಪಾಗೇ ಉಳಿದು, ಕಲ್ಲು ಕೆತ್ತಿದ ಉಳಿಯ ಗುರುತೂ ಕಾಣುತ್ತದೆ. ಜರ್ಮನಿಯ ಫೋಟೊಗ್ರಾಫರ್‌ಗಳಾದ ಬೆರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿ ಕಾರ್ಖಾನೆಗಳನ್ನು ಮೋಡದ ಬೆಳಕಿನಲ್ಲೇ ತೆಗೆದರು. ಉಕ್ಕಿನ ಆಕಾರಗಳಿಗೆ ಅದು ಸರಿ, ಕರಿಕಲ್ಲಿಗೆ ನನಗೆ ಒಗ್ಗಿಲ್ಲ, ಗೋಡೆ ಸತ್ತುಹೋಗುತ್ತದೆ. ಕಲ್ಲಿಗೆ ಬೇಕಾದದ್ದು ಸವರಿಕೊಂಡು ಹೋಗುವ ಬಿಸಿಲು. ಎಲ್ಲರೂ ಬೈಯುವ ನಡುಮಧ್ಯಾಹ್ನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಅಕ್ಷಾಂಶದಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ದಿನಗಳಲ್ಲಿ ಮಧ್ಯಾಹ್ನದ ಬಿಸಿಲು ಉತ್ತರದ ಗೋಡೆಯನ್ನೂ ಸವರುತ್ತದೆ. ವರ್ಷದ ಉಳಿದ ಕಾಲದ ಮಧ್ಯಾಹ್ನ ಆ ಗೋಡೆಗೆ ನೆರಳೇ.

ತುಕ್ಕಿಗೆ ಕೆಂಪು ಫಿಲ್ಟರ್ ಹಾಕಲೇಬಾರದು, ಹೊಸ ಬಣ್ಣ ಬಳಿದಂತೆ ನುಣ್ಣಗೆ ಬೆಳ್ಳಗಾಗುತ್ತದೆ. ಹಸಿರು ಫಿಲ್ಟರ್ ಹಾಕಿದರೆ ತುಕ್ಕು ಕಪ್ಪಾಗಿ, ಎದ್ದ ಪೊರೆಗಳ ಅಂಚು ಎದ್ದು ಕಾಣುತ್ತದೆ. ಡಿಜಿಟಲ್‌ನವರು ಇದನ್ನೆಲ್ಲ ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಕಡತ) ಆಮೇಲೆ ಮಾಡಬಹುದು, ಆದರೆ ನೀಲಿಯನ್ನು ಅತಿಯಾಗಿ ಇಳಿಸಿದರೆ ಆಕಾಶದಲ್ಲಿ ಕಾಳುಕಾಳು, ಚಿಮಣಿಯ ಸುತ್ತ ಬಿಳಿ ಗೆರೆ.

ಒಳಗೆ ಕತ್ತಲು, ಬಾಗಿಲಲ್ಲಿ ಉರಿಬಿಸಿಲು. ಎರಡೂ ಉಳಿಯಲೆಂದು, 400ರ ಫಿಲ್ಮಾದ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಅನ್ನು 200 ಎಂದು ಎಣಿಸಿ ತೆಗೆದು, ಡೆವಲಪಿಂಗ್ ಸಮಯ ಶೇ. 20ರಷ್ಟು ಕಡಿಮೆ ಮಾಡುತ್ತೇನೆ. ಉದ್ದ ಎಕ್ಸ್‌ಪೋಶರಿನಲ್ಲಿ ಫಿಲ್ಮು ಮಂದವಾಗುತ್ತದೆ: ಮೀಟರು 4 ಸೆಕೆಂಡ್ ಅಂದರೆ 6, 10 ಅಂದರೆ 20, 30 ಅಂದರೆ 86 ಸೆಕೆಂಡ್ ಕೊಡಬೇಕು. ಒಳಗೆ ಕಾಲಿಡುವ ಮೊದಲು ಮಾಲೀಕರ ಒಪ್ಪಿಗೆ ತೆಗೆದುಕೊಳ್ಳಿ, ಒಬ್ಬರೇ ಹೋಗಬೇಡಿ. ಕಾಲಡಿ ಹಲಗೆ ಮುಚ್ಚಿದ ಶಾಫ್ಟಿನ ಗುಂಡಿ ಇರಬಹುದು, ಮೇಲೆ ಹೆಜ್ಜೇನು. ಒಡೆದ ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಸ್ ಇರುತ್ತದೆ. ಅದನ್ನು ತುಳಿದು ಧೂಳೆಬ್ಬಿಸಬಾರದು, ಆ ಧೂಳಿಗೆ ಎನ್95 ಮಾಸ್ಕ್ ಸಾಲದು.

ಡಿ-76 (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣ) ಅನ್ನು ನೀರಿನ ಜೊತೆ 1:1 ಬೆರೆಸಿದರೆ 20 ಡಿಗ್ರಿಯಲ್ಲಿ ಎಚ್‌ಪಿ5ಗೆ 11 ನಿಮಿಷ, ಶೇ. 20 ಕಡಿತ ಮಾಡಿದರೆ 9. ನಮ್ಮ ಬೇಸಿಗೆಯ ನಲ್ಲಿ ನೀರು 30 ದಾಟುತ್ತದೆ. ಐಸ್ ಹಾಕಿದ ಬಕೆಟ್ಟಿನಲ್ಲಿ ಬಾಟಲಿ ನಿಲ್ಲಿಸಿ 24ಕ್ಕೆ ಇಳಿಸಿಕೊಂಡರೆ ಸಾಕು, ಆಗ ಆ 9 ನಿಮಿಷ ಆರೂವರೆ ಆಗುತ್ತದೆ. 5 ನಿಮಿಷಕ್ಕಿಂತ ಕಡಿಮೆಯಾದರೆ ಆಕಾಶದಲ್ಲಿ ಪಟ್ಟೆ ಬೀಳುವ ಅಪಾಯ. ತೊಳೆಯುವ ನೀರೂ ಅದೇ 24ರ ಆಸುಪಾಸಿನಲ್ಲಿರಲಿ.

ಅರ್ಧ ಗಂಟೆ ನಲ್ಲಿ ಬಿಟ್ಟು ತೊಳೆಯುವಷ್ಟು ನೀರು ಈ ಕಡೆ ಎಲ್ಲಿದೆ? ಇಲ್ಫರ್ಡ್ ಕ್ರಮ ಸಾಕು: ಟ್ಯಾಂಕ್ ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ 20 ಸಲ. ಫಿಕ್ಸರ್ (ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ಮಾತ್ರ ಹಾರ್ಡನರ್ (ಫಿಲ್ಮಿನ ಪದರ ಗಟ್ಟಿಮಾಡುವ ರಾಸಾಯನಿಕ) ಇಲ್ಲದ್ದಾಗಿರಬೇಕು. ಬೋರಿನ ಗಡಸು ನೀರು ಒಣಗಿದ ಮೇಲೆ ಸುಣ್ಣದ ಕಲೆ ಬಿಡುತ್ತದೆ, ಕೊನೆಯ ಅದ್ದಿಕೆಗೆ ಆರ್‌ಓ ನೀರು, ಅದರಲ್ಲಿ 200ಕ್ಕೆ 1ರಂತೆ ಫೋಟೊ-ಫ್ಲೋ (ನೀರಿನ ಹನಿ ನಿಲ್ಲದೆ ಜಾರಿಹೋಗುವಂತೆ ಮಾಡುವ ದ್ರವ). ಒಣಹಾಕುವುದು ಬಚ್ಚಲಮನೆಯಲ್ಲಿ, ಬಾಗಿಲು ಮುಚ್ಚಿ, ಫ್ಯಾನ್ ಇಲ್ಲದೆ. ಒದ್ದೆ ಫಿಲ್ಮಿಗೆ ಅಂಟಿದ ಎರಿಮಣ್ಣಿನ ಧೂಳು ಆಮೇಲೆ ಬಿಡುವುದಿಲ್ಲ.