ಮುಳುಗಿದ ಹಡಗು ನೋಡೋಕೆ ಮೊದಲು ಉಸಿರಾಟ ಕಲಿತೆ

ತುಲಾಂಬೆನ್ ದಡದ ತುಂಬಾ ತೆಂಗಿನಕಾಯಿ ಗಾತ್ರದ ಕರಿ ಕಲ್ಲುಗಳು, ಅಲೆ ಉಜ್ಜಿ ಉಜ್ಜಿ ನುಣುಪಾಗಿವೆ. ಇಂಡೋನೇಷ್ಯಾದ ಬಾಲಿ ದ್ವೀಪದ ಈಶಾನ್ಯಕ್ಕಿರುವ ಈ ಸಣ್ಣ ಊರಿನ ಹೆಂಗಸರು ತಲೆ ಮೇಲೆ ಬಟ್ಟೆಯ ಸಿಂಬೆ ಇಟ್ಟು, ಅದರ ಮೇಲೆ ಡೈವಿಂಗ್ ಸಿಲಿಂಡರ್ ಹೊತ್ತು, ಆ ಕಲ್ಲುಗಳ ಮೇಲೆ ಸರಸರ ನಡೆದುಹೋಗುತ್ತಾರೆ. ನಮ್ಮೂರಿನಲ್ಲಿ ಬಿಂದಿಗೆ ಹೊತ್ತು ಬರುವವರ ನಡಿಗೆಯೇ ಅದು.

ಆ ದಡದಿಂದ ಸುಮಾರು 30 ಮೀಟರ್ ಆಚೆಗೆ ಲಿಬರ್ಟಿ ಮಲಗಿದೆ. ಅಮೆರಿಕದ ಸೇನೆಯ ಸರಕು ಹಡಗು, ಉದ್ದ ಸುಮಾರು 120 ಮೀಟರ್. 1942ರ ಜನವರಿ 11ರಂದು ಲೊಂಬೊಕ್ ಜಲಸಂಧಿಯ ಹತ್ತಿರ ಜಪಾನಿನ ಜಲಾಂತರ್ಗಾಮಿ ಇದಕ್ಕೆ ಟಾರ್ಪೆಡೊ ಹೊಡೆಯಿತು. ಅಮೆರಿಕದ ಒಂದು, ಡಚ್ಚರ ಒಂದು, ಎರಡು ಯುದ್ಧನೌಕೆಗಳು ಸೇರಿ ಸಿಂಗರಾಜ ಬಂದರಿನ ಕಡೆ ಎಳೆದುಕೊಂಡು ಹೊರಟವು. ಒಳಗೆ ನೀರು ಜಾಸ್ತಿಯಾಗಿ ಬಂದರು ಮುಟ್ಟೋಕೆ ಆಗಲಿಲ್ಲ, ಇಲ್ಲೇ ದಡಕ್ಕೆ ಹತ್ತಿಸಿದರು. 21 ವರ್ಷ ಹಾಗೇ ನಿಂತಿತ್ತು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ನೆಲ ನಡುಗಿ, ಹಡಗು ಸಮುದ್ರಕ್ಕೆ ಜಾರಿತು. ಈಗ ಅದರ ತೀರಾ ಆಳದ ಭಾಗ 30 ಮೀಟರ್ ಹತ್ತಿರ ಇದೆ, ಮೇಲಿನ ಭಾಗಕ್ಕೆ ಬಿಸಿಲು ಚೆನ್ನಾಗಿ ಬೀಳುತ್ತದೆ. ದೋಣಿ ಬೇಡ. ದಡದಿಂದ ನಡೆದೇ ನೀರಿಗೆ ಇಳಿಯಬಹುದು.

ನಾನು ಮೊದಲು ಡೈವ್ ಮಾಡಿದ್ದು ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹತ್ತಿರ. ಕೆಳಗೆ ಇಳಿಯೋಕೇ ಆಗದೆ ಕೈ ಬಡಿಯುತ್ತಿದ್ದೆ. ಕಲಿಸುತ್ತಿದ್ದ ಹುಡುಗ ಮೇಲೆ ಬಂದು ಹೇಳಿದ, "ಅಕ್ಕಾ, ಕೈ ಆಡಿಸ್ಬೇಡಿ. ಉಸಿರು ಪೂರ್ತಿ ಬಿಡಿ, ನೀರೇ ನಿಮ್ಮನ್ನ ಕರ್ಕೊಂಡು ಹೋಗುತ್ತೆ." ಆ ಮಾತು ನನಗೆ ನಿಜವಾಗಿ ಅರ್ಥವಾಗಿದ್ದು ಲಿಬರ್ಟಿಯಲ್ಲಿ. ಅಷ್ಟರೊಳಗೆ 18 ಮೀಟರ್ ಆಳಕ್ಕೆ ಇಳಿಯುವ ಕೋರ್ಸೂ 30 ಮೀಟರ್ ಆಳದ ಕೋರ್ಸೂ ಮುಗಿಸಿದ್ದೆ. ಕೋರ್ಸು ಮುಗಿಸಿದ್ದಕ್ಕೆ ಕಾರ್ಡು ಸಿಕ್ಕಿತ್ತು, ಹದ ಇನ್ನೂ ಸಿಕ್ಕಿರಲಿಲ್ಲ.

ಮೊದಲ ದಿನ ಹಡಗು ಕಂಡ ಕೂಡಲೇ ಎದೆ ಹೊಡೆದುಕೊಳ್ಳತೊಡಗಿತು. ನೀಲಿಯೊಳಗಿಂದ ಒಂದು ಕರಿ ಗೋಡೆ ಎದ್ದು ಬಂದ ಹಾಗೆ. ಹತ್ತಿರ ಹೋಗುವ ಆತುರಕ್ಕೆ ಸೈಕಲ್ ತುಳಿದ ಹಾಗೆ ಕಾಲು ತುಳಿದೆ. ಕಾಲಿಗೆ ಹಾಕಿದ್ದ ಫಿನ್ (ಈಜೋಕೆ ಹಾಕುವ ಅಗಲ ಪಟ್ಟಿ) ತಳ್ಳಿದ ನೀರಿಗೆ ಕೆಳಗಿನ ಸಣ್ಣ ಮಣ್ಣು ಎದ್ದು ಎಲ್ಲಾ ಮಬ್ಬಾಯಿತು. ಮೊಣಕಾಲು ಯಾವುದಕ್ಕೋ ತಗುಲಿತು. ಮಬ್ಬು ತಿಳಿಯಾದ ಮೇಲೆ ನೋಡಿದರೆ ಕಬ್ಬಿಣದ ಮೇಲೆ ಬೆಳೆದಿದ್ದ ಹವಳದ ಕೊಂಬೆಯೊಂದು ಮುರಿದಿತ್ತು. ಕಿರುಬೆರಳಿನಷ್ಟು ದಪ್ಪ, ಮುರಿದ ಜಾಗ ಸುಣ್ಣದ ಹಾಗೆ ಬೆಳ್ಳಗೆ. ಅಷ್ಟು ಬೆಳೆಯೋಕೆ ಎಷ್ಟು ವರ್ಷ ಬೇಕಾಗಿತ್ತೋ! ಈಗ ನೆನೆದರೂ ಸಂಕಟವಾಗುತ್ತದೆ.

ದಡಕ್ಕೆ ಬಂದ ಮೇಲೆ ಗೈಡ್ ಬೈಯಲಿಲ್ಲ. ಬೆಂಚಿನ ಮೇಲೆ ಬೋರಲು ಮಲಗಿ, ಮಂಡಿ ಮಡಚಿ, ಪಾದಗಳನ್ನು ಮೇಲೆತ್ತಿ ಅಗಲಿಸಿ ತೋರಿಸಿದರು. ಕಪ್ಪೆ ಈಜುವ ಹಾಗೆ. ಹೀಗೆ ಮಾಡಿದರೆ ನೀರು ಹಿಂದಕ್ಕೆ ಹೋಗುತ್ತದೆ, ಮಣ್ಣಿಗೆ ತಾಗುವುದಿಲ್ಲ. ಎರಡನೇ ದಿನ ಹಡಗಿನ ಕಡೆ ಹೋಗದೆ, ಪಕ್ಕದ ಕರಿ ಮರಳಿನ ಮೇಲೆ ಇದನ್ನೇ ಅಭ್ಯಾಸ ಮಾಡಿದೆ. ಮುಳುಗೋಕೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕದಲ್ಲಿ ಒಂದು ಕಿಲೋ ತೆಗೆಸಿದೆ. ಭಾರ ಜಾಸ್ತಿಯಾದರೆ ತೇಲೋಕೆ ಹಾಕಿಕೊಂಡ ಜಾಕೆಟ್ಟಿಗೆ ಗಾಳಿ ತುಂಬಿಸುತ್ತಲೇ ಇರಬೇಕು, ಆಮೇಲೆ ಮೇಲೆ ಕೆಳಗೆ ಓಲಾಡುತ್ತೀರಿ. ಉಳಿದದ್ದೆಲ್ಲ ಉಸಿರಿನ ಕೆಲಸ. ನಿಧಾನ ಒಳಗೆಳೆದರೆ ಒಂದು ಗೇಣು ಏಳುತ್ತೀರಿ, ಬಿಟ್ಟರೆ ಒಂದು ಗೇಣು ಇಳಿಯುತ್ತೀರಿ. ಉಸಿರು ಕಟ್ಟಿ ಹಿಡಿಯೋದು ಮಾತ್ರ ಯಾವತ್ತೂ ಕೂಡದು. ಮೇಲೇಳುವಾಗ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟಾಗುತ್ತದೆ.

ಇನ್ನೊಂದು ಲೆಕ್ಕವೂ ಇದೆ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಮೂರು ಪಟ್ಟು. ಒಂದೊಂದು ಉಸಿರಿಗೂ ಸಿಲಿಂಡರಿನಿಂದ ಮೂರು ಪಟ್ಟು ಗಾಳಿ ಹೋಗುತ್ತದೆ. ಗಾಬರಿಯಾದರಂತೂ ಉಳಿದ ಗಾಳಿ ತೋರಿಸುವ ಮೀಟರಿನ ಮುಳ್ಳು ಕಣ್ಣೆದುರಿಗೇ ಇಳಿಯುತ್ತದೆ. ಸಿಲಿಂಡರಿನಲ್ಲಿ 100 ಬಾರ್ (ಗಾಳಿಯ ಒತ್ತಡದ ಅಳತೆ) ಉಳಿದಾಗ ನಾನು ವಾಪಸ್ ತಿರುಗುತ್ತೇನೆ, ಕೊನೆಗೆ ಸುರಕ್ಷತೆಗೆಂದು 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುತ್ತೇನೆ. ಹಡಗಿನ ಮುಚ್ಚಿದ ಕೋಣೆಗಳೊಳಗೆ ಹೋಗೋದಿಲ್ಲ. ಅದಕ್ಕೆ ಬೇರೆ ತರಬೇತಿ ಬೇಕು, ನಾನು ಮಾಡಿಲ್ಲ.

ಮೂರನೇ ದಿನ ಬೆಳಗಿನ ಜಾವ, ಇನ್ನೂ ನಸುಗತ್ತಲೆ ಇರುವಾಗಲೇ ಇಳಿದೆವು. ಹಣೆ ಉಬ್ಬಿದ ದೊಡ್ಡ ಗಿಣಿಮೀನುಗಳು ರಾತ್ರಿ ಹಡಗಿನಲ್ಲೇ ಮಲಗಿ, ಬೆಳಕು ಹರಿಯುವಾಗ ಹೊರಡುತ್ತವೆ. ನಮ್ಮ ಪಕ್ಕದಲ್ಲೇ ಹಿಂಡಾಗಿ ಬಂದವು. ಒಂದೊಂದೂ ಮೀಟರಿನಷ್ಟು ಉದ್ದ, ಎಮ್ಮೆಗಳು ಮೇಯೋಕೆ ಹೊರಟ ಹಾಗೆ. ಹವಳ ಕಚ್ಚುವ ಕಟಕಟ ಸದ್ದು ನೀರಿನಲ್ಲೂ ಕೇಳುತ್ತಿತ್ತು.

ಅವು ಹೋದ ಮೇಲೆ ಒಂದು ಕಬ್ಬಿಣದ ತೊಲೆಯ ಎದುರು ನಿಂತೆ. ಟಾರ್ಚ್ ಹಾಕಿದೆ. ಬರೀ ಬೂದುನೀಲಿಯಾಗಿ ಕಾಣುತ್ತಿದ್ದ ಜಾಗ ಕಿತ್ತಳೆ, ಕುಂಕುಮದ ಬಣ್ಣಕ್ಕೆ ತಿರುಗಿತು. ರಿವೆಟ್ ಪಕ್ಕದ ಒಂದು ಸಂದಿಯಲ್ಲಿ ಸಣ್ಣ ಸೀಗಡಿ, ಗಾಜಿನಷ್ಟು ತೆಳು, ಮೀಸೆ ಆಡಿಸುತ್ತಿತ್ತು. ಮುಖ ಅದರಿಂದ ಒಂದು ಗೇಣು ದೂರ. ಕೈ ಎದೆ ಮೇಲೆ ಕಟ್ಟಿಕೊಂಡಿದ್ದೆ, ಕಾಲು ಅಲ್ಲಾಡಿಸಲಿಲ್ಲ. ಎಷ್ಟು ಹೊತ್ತು ಹಾಗೇ ಇದ್ದೆನೋ, ಗೈಡ್ ಬಂದು ಮೆಲ್ಲಗೆ ಭುಜ ತಟ್ಟಿದರು.

ಮೊದಲ ದಿನ ಅದೇ ಗಾತ್ರದ ಸಿಲಿಂಡರಿನಲ್ಲಿ 34 ನಿಮಿಷಕ್ಕೆ ಮೇಲೆ ಬಂದಿದ್ದೆ. ಆ ಬೆಳಗ್ಗೆ 58 ನಿಮಿಷ ಇದ್ದೆ, ದಡಕ್ಕೆ ಬಂದಾಗ ಇನ್ನೂ 60 ಬಾರ್ ಉಳಿದಿತ್ತು.